ಹೊಗೆ ಅಳೆಯಲು ಬಂದವರಿಗೆ ರೊಟ್ಟಿ

ಹವಾಮಾನ ತಜ್ಞರ ಜೊತೆ ನಮ್ಮ ಕಡೆಯ ತೆಂಗಿನ ತೋಟಗಳಲ್ಲಿ ಓಡಾಡಿದರೆ ನಗುವುದಕ್ಕೆ ಬೇರೆ ಏನೂ ಬೇಕಿಲ್ಲ. ನಾನು ತಿಪಟೂರಿನವಳು, ಅಂಥದ್ದೊಂದು ತಂಡದಲ್ಲಿ ಕಿರಿಯವಳು. ಯಾವ ಊರಿನಿಂದ ಎಷ್ಟು ಹೊಗೆ, ಎಷ್ಟು ಅನಿಲ ಹೊರಡುತ್ತದೆ, ಅದನ್ನು ತಗ್ಗಿಸುವುದು ಹೇಗೆ ಎಂದು ನೋಡಿ ಸರ್ಕಾರಕ್ಕೆ ಸಲಹೆ ಕೊಡುವುದು ನಮ್ಮ ಕೆಲಸ. ಗ್ಯಾಸ್ ಬಂದ ಮನೆಗಳಲ್ಲಿ ಸೌದೆ ಉರಿಸುವುದು ಕಡಿಮೆಯಾಗಿದೆ ಎಂದು ಈ ಸಲ ತೋರಿಸಲೇಬೇಕಿತ್ತು. ಇಲ್ಲದಿದ್ದರೆ ಯೋಜನೆ ಬಂದ್, ಅದರ ಜೊತೆಗೆ ನನ್ನ ಕೆಲಸವೂ.

ಹಸುವಿನ ತೇಗು

ಹಸು ತೇಗಿದರೆ ಮೀಥೇನ್ ಅನಿಲ ಬರುತ್ತದೆ. ಹಾಲ್ಕುರಿಕೆ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ನಮ್ಮ ಹಿರಿಯ ತಜ್ಞರು ಹಸುವಿನ ಮೂತಿಯ ಬಳಿ ಅದನ್ನು ಅಳೆಯುವ ಯಂತ್ರ ಕಟ್ಟಿದರು. ನೋಡಲು ಅರ್ಧ ಊರೇ ನೆರೆಯಿತು. ನಾವು ಎಳನೀರು ಕುಡಿದು ಬರುವಷ್ಟರಲ್ಲಿ ಯಂತ್ರದ ಅಂಕಿಗಳು ಹುಚ್ಚೆದ್ದು ಕುಣಿಯುತ್ತಿದ್ದವು. ಕೊಟ್ಟಿಗೆಯ ತುಂಬ ಮೆಣಸಿನಕಾಯಿ ಘಾಟು. ಮನೆಯಾಕೆ ಉಪ್ಪು, ಮೆಣಸಿನಕಾಯಿ, ಪೊರಕೆ ಕಡ್ಡಿ ಸುಟ್ಟು ಹಸುವಿಗೆ ನಿವಾಳಿಸುತ್ತಿದ್ದಳು.

"ಯಾಕಮ್ಮಾ ಹಿಂಗ್ಮಾಡಿದ್ರಿ?" ಎಂದು ಹಿರಿಯರು ಕೆಮ್ಮುತ್ತಲೇ ಕೇಳಿದರು.

"ಅಷ್ಟ್ ಜನ ನೋಡವ್ರೆ, ದಿಷ್ಟಿ ಆಗಲ್ವೇ? ನಿಮ್ಮನ್ನೂ ನೋಡವ್ರೆ, ವಸಿ ಬಗ್ಗಿ ಸಾರ್."

ಅವರು ಬಗ್ಗಿದರು.

ಬಿಸಿಲಿನ ಬಿಸಿನೀರು

ಹುಳಿಯಾರು ಕಡೆ ಒಬ್ಬ ತೋಟದ ಯಜಮಾನರಿಗೆ ಸೋಲಾರ್ ಹೀಟರ್ ವಿವರಿಸಿದೆವು. ಪೈಪು ಎಲ್ಲಿಂದ ಎಲ್ಲಿಗೆ, ಮೋಡ ಕವಿದರೆ ಏನು ಎಂದು ಅವರು ಬಿಡಿಸಿ ಬಿಡಿಸಿ ಕೇಳಿದರು. ಒಪ್ಪಿಗೆಯಾಯಿತು ಎಂದು ನಮಗೆ ಖುಷಿ.

"ಬಲೇ ಚೆನ್ನಾಗೈತೆ. ಇದಕ್ಕೆ ತೆಂಗಿನ ಗರಿ ಎಲ್ಲಿಂದ ತುರುಕೋದು?"

"ಗರಿ ಬೇಡವೇ ಬೇಡ, ಬಿಸಿಲಿಗೇ ನೀರು ಕಾಯುತ್ತೆ."

ಯಜಮಾನರ ಮುಖ ಇಳಿದುಹೋಯಿತು. "ಹಂಗಾರೆ ಬುಡಿ. ನಮ್ಮನೇಲಿ ಸ್ನಾನ ಮಾಡೋದೇ ತೋಟದಲ್ಲಿ ಬೀಳೋ ಗರಿ ಖರ್ಚಾಗ್ಲಿ ಅಂತ ಕಣ್ರೀ."

ಅಜ್ಜಿಯ ಸೌದೆ

ನನ್ನ ಕೆಲಸದ ಅಳಿವು ಉಳಿವು ನಿಂತಿದ್ದು ತುರುವೇಕೆರೆ ಕಡೆಯ ಒಬ್ಬ ಅಜ್ಜಿಯ ಸೌದೆ ರಾಶಿಯ ಮೇಲೆ. ಮನೆಯಲ್ಲಿ ಗ್ಯಾಸ್ ಇತ್ತು. ಬೆಳಿಗ್ಗೆ ಹೋಗಿ ಸೌದೆ ತೂಗುತ್ತಿದ್ದೆವು, ಸಂಜೆ ಮತ್ತೆ ತೂಗುತ್ತಿದ್ದೆವು. ನಡುವೆ ಅಜ್ಜಿ ಬಿಸಿಬಿಸಿ ಅಕ್ಕಿರೊಟ್ಟಿ, ಕಾಯಿಚಟ್ನಿ, ಕಾಫಿ ಕೊಡುತ್ತಿದ್ದರು. ನಾವು ಚಪ್ಪರಿಸಿ ತಿನ್ನುತ್ತಿದ್ದೆವು. ಸೌದೆ ಮಾತ್ರ ದಿನಾ ಕರಗುತ್ತಿತ್ತು. ಗ್ಯಾಸ್ ಬಂದೂ ಉಪಯೋಗವಿಲ್ಲ ಎಂದು ಹಿರಿಯರು ತಲೆ ಮೇಲೆ ಕೈಹೊತ್ತರು.

ಆಮೇಲೆ ಬೆಂಗಳೂರಿನಲ್ಲಿ ಸಭೆ ಬಂದು ಒಂದು ವಾರ ಆ ಕಡೆ ತಲೆ ಹಾಕಲಾಗಲಿಲ್ಲ. ತಿರುಗಿ ಹೋಗಿ ತೂಗಿದರೆ, ಬಿಟ್ಟುಹೋದಷ್ಟೂ ಸೌದೆ ಹಾಗೇ ಇದೆ!

"ಊರಲ್ಲಿರ್ಲಿಲ್ವಾ ಅಜ್ಜಿ?" ಎಂದು ಹಿರಿಯರು ಕೇಳಿದರು.

"ಇಲ್ಲೇ ಇದ್ನಲ್ಲ. ನಮಗೆ ಗ್ಯಾಸೇ ಸಾಕು ಕಣಪ್ಪ. ಸೌದೆ ಒಲೆ ನೆಂಟ್ರು ಬಂದಾಗ್ಲೇ. ನೀವು ಅಷ್ಟು ದೂರದಿಂದ ಬತ್ತೀರ, ಗ್ಯಾಸಲ್ಲಿ ಬೇಯ್ಸಿದ್ ರೊಟ್ಟಿ ಇಕ್ಕಕ್ಕಾಯ್ತದಾ?"

ಇಷ್ಟು ದಿನ ನಾವು ತೂಗಿದ್ದು ನಮ್ಮದೇ ತಿಂಡಿಯ ಹೊಗೆ. ಕೆಲಸ ಉಳಿಯಿತು ಎಂಬ ಸಂತೋಷಕ್ಕೆ ನನಗೆ ಅಜ್ಜಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಹಿರಿಯರಿಗೆ ಇನ್ನೂ ಕುತೂಹಲ.

"ಹಾಗಾದ್ರೆ ಅಜ್ಜಿ, ಈ ಮನೆ ಹೊಗೆ ಪೂರ್ತಿ ನಿಲ್ಲಬೇಕಾದ್ರೆ ಏನು ಮಾಡಬೇಕು?"

ಅಜ್ಜಿ ಸಂಕೋಚದಿಂದ ಸೆರಗು ಸರಿಮಾಡಿಕೊಂಡರು. "ಬೇಜಾರ್ ಮಾಡ್ಕಬ್ಯಾಡಿ ಸಾರ್. ನೀವು ಬರೋದ್ ನಿಲ್ಲುಸ್ಬೇಕು."

ಅಷ್ಟು ಹೇಳಿ ಸೌದೆ ಎತ್ತಿಕೊಂಡರು. "ಇವತ್ತೇನೋ ಬಂದ್ಬುಟ್ಟಿದೀರ. ಕೂತ್ಕಳಿ, ಒಲೆ ಹಚ್ತೀನಿ."