ಕೆಂಚಿಗೊಂದು ಚಮಚ ಕುಂಬಳಕಾಯಿ

ನಮ್ಮ ಮನೆಯಲ್ಲಿ ನನ್ನಿಂದಲೇ ಆಗಬೇಕಾದ ಕೆಲಸ ಒಂದೇ ಒಂದು: ಇಡೀ ಕುಂಬಳಕಾಯಿಗೆ ಮೊದಲ ಏಟು ಹಾಕುವುದು. ಹೆಂಗಸರು ಅದನ್ನು ಒಡೆಯಬಾರದು ಎಂಬ ಪದ್ಧತಿಯನ್ನು ಅವ್ವ ಇನ್ನೂ ಬಿಟ್ಟಿಲ್ಲ. ನಾನು ಕುಡುಗೋಲು ಹಿಡಿದು ಒಂದು ಏಟು ಹಾಕಿ ಕೊಟ್ಟರೆ ಸಾಕು, ಮುಂದಿನದೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಈ ಒಂದು ಏಟಿನ ಬಲದ ಮೇಲೆ ನಾನು ಮನೆಯ ಯಜಮಾನನೆಂದು ಓಡಾಡಿಕೊಂಡಿದ್ದೇನೆ.

ನಮ್ಮೂರು ಸಂಶಿಯಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಮೊನ್ನೆ ಗಿರಾಕಿಗೆ ಹೆಸರಿನ ಬೀಜ ಕೊಡುತ್ತಿದ್ದಾಗ ಹೆಂಡತಿಯ ಫೋನು ಬಂತು. "ಲಗೂನ ಮನಿಗೆ ಬರ್ರಿ, ಕುಂಬಳಕಾಯಿ ಒಡೀಬೇಕಾಗೈತಿ."

"ಸಂಜೀಕ ಬಂದು ಒಡದ್ರ ನಡಿಯೂದಿಲ್ಲೇನ?"

"ನಮಗಲ್ರಿ, ಕೆಂಚಿಗೆ!"

ಕೆಂಚಿ ನಮ್ಮ ಬೆಕ್ಕು. ಕೆಲವು ದಿನಗಳಿಂದ ಅದರ ಹೊಟ್ಟೆ ಕಟ್ಟಿತ್ತು. ಹಿತ್ತಲಲ್ಲಿ ಮಣ್ಣು ಕೆದರುವುದು, ಕೂರುವುದು, ತಿಣುಕುವುದು, ಕೊನೆಗೆ ತಪ್ಪೆಲ್ಲ ನಮ್ಮದೇ ಎಂಬಂತೆ ಸಿಟ್ಟಿನಿಂದ ನೋಡಿ ಎದ್ದು ಹೋಗುವುದು. ದಿನವಿಡೀ ಅಂಗಡಿಯಲ್ಲಿ ಕೂತೇ ಇರುವ ನನಗೂ ಆ ಕಷ್ಟ ಹೊಸದೇನಲ್ಲ. ಆದರೆ ಕೆಂಚಿ ಹಾಲು ಕುಡಿಯುವುದನ್ನೇ ಬಿಟ್ಟ ಮೇಲೆ ಅವ್ವನೂ ಅರ್ಧ ರೊಟ್ಟಿಗೇ ತಾಟು ಸರಿಸತೊಡಗಿದಳು. ಅಪ್ಪ ಹೋದ ಮೇಲೆ ಅವಳಿಗೆ ಹಗಲೆಲ್ಲ ಜೊತೆಗಿರುವ ಜೀವ ಅದೊಂದೇ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅಂದು ಹೆಂಡತಿ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ಹೋಗಿದ್ದಳು. "ಕುಂಬಳಕಾಯಿ ಕುದಿಸಿ, ಉಪ್ಪು, ಒಗ್ಗರಣಿ ಏನೂ ಹಾಕದ, ಹಿಸುಕಿ ಒಂದು ಚಮಚ ತಿನಸ್ರಿ. ನಾಳಿಗೂ ಆಗ್ಲಿಲ್ಲಂದ್ರ ಮತ್ತ ಕರಕೊಂಡ ಬರ್ರಿ" ಎಂದರಂತೆ ಡಾಕ್ಟರು.

"ಏನ್ರಿ, ಅಷ್ಟು ಅವಸರ?" ಎಂದ ಗಿರಾಕಿಗೆ "ಮನ್ಯಾಗ ಆರಾಮಿಲ್ರಿ" ಎಂದಷ್ಟೇ ಹೇಳಿ ಅಂಗಡಿ ಬಾಗಿಲು ಎಳೆದೆ. ಬೆಕ್ಕಿನ ಹೊಟ್ಟೆಯ ಸಲುವಾಗಿ ಬೀಜದ ವ್ಯಾಪಾರ ನಿಲ್ಲಿಸಿದೆ ಎಂದರೆ ಊರು ಸುಮ್ಮನೆ ಬಿಡುತ್ತದೆಯೇ?

ಒಡೆದೆ, ಬೇಯಿಸಿದರು, ಹಿಸುಕಿದರು. ಕೆಂಚಿ ಮೂಸಿ ನೋಡಿ ಮುಖ ತಿರುಗಿಸಿತು. "ಬರೇ ಸಪ್ಪಂದು ಯಾರು ತಿಂತಾರೋ?" ಎನ್ನುತ್ತ ಅವ್ವ ಮೇಲೊಂದಿಷ್ಟು ಬೆಣ್ಣೆ ಸವರಿದಳು. ಬೆಣ್ಣೆ ನೆಕ್ಕುವ ಭರದಲ್ಲಿ ಕುಂಬಳಕಾಯಿಯೂ ಒಳಗೆ ಹೋಯಿತು.

ಅಲ್ಲಿಂದ ನನ್ನ ಕುತೂಹಲ ಶುರುವಾಯಿತು. ಬೆಕ್ಕಿನ ಹೊಟ್ಟೆಗೂ ಕುಂಬಳಕಾಯಿಗೂ ಏನು ನಂಟು? ಎಷ್ಟು ಹೊತ್ತು ಹಿಡಿಯುತ್ತದೆ? ಅಂಗಡಿ ಮರೆತು ಕೆಂಚಿಯ ಹಿಂದೆಯೇ ತಿರುಗಿದೆ. ಅದು ಹಿತ್ತಲಿನ ಹುಲ್ಲಿನ ಬಣವಿಯ ಬಾಜು ಕೂತರೆ ನಾನೂ ಕೂತೆ. "ಆತೇನಬೇ?" ಎಂದು ಮೆಲ್ಲಗೆ ಕೇಳಿದೆ. ಗೋಡೆಯಾಚೆಯಿಂದ ನೆರೆಮನೆಯ ಈರವ್ವ ಇಣುಕಿ, "ಏನರ ಕಳಕೊಂಡೀರೇನ್ರಿ?" ಎಂದಳು. ಮಾನವೊಂದನ್ನು ಬಿಟ್ಟು ಬೇರೇನೂ ಕಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಚಿ ನಾನು ಹೊಸದಾಗಿ ಬಿತ್ತಿದ್ದ ಕೊತ್ತಂಬರಿಯ ಮಡಿಯಲ್ಲೇ ಕೆಲಸ ಮುಗಿಸಿತು. ಬೇರೆ ದಿನವಾಗಿದ್ದರೆ ಕೋಲು ಹುಡುಕುತ್ತಿದ್ದೆ. ಅಂದು ಮಾತ್ರ "ಅವ್ವಾ, ಆತು!" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅವ್ವ ಆ ದಿನ ಎರಡು ರೊಟ್ಟಿ ತಿಂದಳು. ನೋಡಿ ನನ್ನ ಕಣ್ಣು ತುಂಬಿತು.

ಆದರೆ ಕೆಂಚಿಗೆ ಬೇಕಾದದ್ದು ಒಂದು ಚಮಚ. ಉಳಿದ ಅಷ್ಟು ದೊಡ್ಡ ಕಾಯಿ ನಮ್ಮ ಪಾಲಿಗೆ ಬಂತು. ಪಲ್ಯ, ಸಾರು, ಗಾರಿಗೆ, ಮತ್ತೆ ಪಲ್ಯ. ನನಗೆ ಹುಟ್ಟಿದಾಗಿನಿಂದ ಸೇರದ ಕಾಯಿ. ಅವ್ವ ನನ್ನ ತಾಟಿಗೂ ಬೆಣ್ಣೆ ಹಾಕಿ ತಿನ್ನಿಸಿದಳು. ಮರುದಿನ ಬೆಳಿಗ್ಗೆ ಹಿತ್ತಲಿನ ಪಾಯಖಾನೆಯಿಂದ ಹೊರಗೆ ಬಂದರೆ, ಕಟ್ಟೆಯ ಮೇಲೆ ಅವ್ವ, ಅವಳ ತೊಡೆಯ ಮೇಲೆ ಕೆಂಚಿ. ಇಬ್ಬರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು.

"ಆತೇನೋ?" ಎಂದಳು ಅವ್ವ.

ಗೋಡೆಯಾಚೆ ಈರವ್ವನ ಬಳೆಯ ಸದ್ದೂ ಕೇಳಿಸಿತು. ನಾನು ತಪ್ಪೆಲ್ಲ ಅವರದೇ ಎಂಬಂತೆ ಸಿಟ್ಟಿನಿಂದ ನೋಡಿ ಒಳಗೆ ನಡೆದುಬಿಟ್ಟೆ.