ಕೊಳವೆ ಶೆಡ್ಡಿನಲ್ಲಿ ಓಲಗ

ನಾನು ಕೆಲಸಕ್ಕೆ ಸೇರಿದ ಕಡೆಯೆಲ್ಲ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತೆ. ಅದರಲ್ಲಿ ನನ್ನ ಕೈವಾಡ ಇರೋದಿಲ್ಲ ಅಂದರೆ ನಮ್ಮ ಮನೇಲಿ ಯಾರೂ ನಂಬೋದಿಲ್ಲ. ಆದರೆ ಅರವತ್ತರ ದಶಕದಲ್ಲಿ ಶಿಡ್ಲಘಟ್ಟದ ಕೊಳವೆ ಶೆಡ್ಡಿನಲ್ಲಿ ಆದಷ್ಟು ಇನ್ನೆಲ್ಲೂ ಆಗಲಿಲ್ಲ.

ಊರಿಗೆ ಊರೇ ರೇಷ್ಮೆ ಗೂಡು ಬೇಯಿಸಿ ನೂಲು ತೆಗೀತಿದ್ದಾಗ, ನಾವು ಕೆಲವರು ಕಂದು ಕಾಗದಕ್ಕೆ ಮೈದಾ ಅಂಟು ಬಳಿದು, ಕಬ್ಬಿಣದ ಸರಳಿಗೆ ಸುತ್ತಿ, ಒಣಗಿಸಿ, ಬೆರಳುದ್ದಕ್ಕೆ ಕತ್ತರಿಸಿ ಕೊಳವೆ ಮಾಡ್ತಿದ್ದೆವು. ಅವು ಬೆಂಗಳೂರಿನ ಒಂದು ಕಾರ್ಖಾನೆಗೆ ಹೋಗ್ತಿದ್ದವು. ಅಲ್ಲಿ ರೇಡಿಯೊದ ಗಾಜಿನ ವಾಲ್ವುಗಳನ್ನು ಒಡೆಯದ ಹಾಗೆ ಹತ್ತಿ ಸುತ್ತಿ, ಒಂದೊಂದು ಕೊಳವೆಯೊಳಗೆ ಒಂದೊಂದನ್ನಿಟ್ಟು ದೂರದ ಊರುಗಳಿಗೆ ಕಳಿಸ್ತಿದ್ದರಂತೆ. ‘ಅಂತೆ’ ಅಂದೆ, ಯಾಕೆಂದರೆ ವಾಲ್ವು ಹೇಗಿರುತ್ತೆ ಅಂತ ನಾವ್ಯಾರೂ ನೋಡಿರಲಿಲ್ಲ.

ಈಗಲೂ ಎಲ್ಲಾದರೂ ಮೈದಾ ಅಂಟು ಕಾಯಿಸುವ ವಾಸನೆ ಬಂದರೆ ಕೈಲಿದ್ದ ಕೆಲಸ ಮರೆತುಹೋಗುತ್ತೆ. ಎದ್ದು ಆ ಶೆಡ್ಡಿಗೆ ಹೋಗಿಬಿಡಣ ಅನ್ನಿಸುತ್ತೆ. ಹೋದರೆ ಅಲ್ಲಿ ಶೆಡ್ಡೂ ಇಲ್ಲ, ಜೊತೆಗೆ ಕೆಲಸ ಮಾಡಿದವರೂ ಇಲ್ಲ.

ಒಳಗೇನಿದೆ?

ವಾಲ್ವಿನ ಅಳತೆಗೆ ಅಂತ ಕಾರ್ಖಾನೆಯವರು ಒಂದು ಮರದ ತುಂಡು ಕೊಟ್ಟಿದ್ದರು. ನಮ್ಮ ಮೇಸ್ತ್ರಿ ವಯಸ್ಸಾದ ಸಾಬರು. ಕೊಳವೆ ಉರುಳಿಸುತ್ತಾ ಬ್ಲೇಡು ಒತ್ತಿ ಕತ್ತರಿಸುವುದು ಅವರ ಕೆಲಸ. ಕತ್ತರಿಸಿದ ಪ್ರತಿ ಕೊಳವೆಗೂ ಆ ತುಂಡು ತೂರಿಸಿ, ಸಲೀಸಾಗಿ ಹೋಗುತ್ತಾ ಬರುತ್ತಾ ಅಂತ ನೋಡಿ ಈಚೆ ಇಡೋರು.

ಚಿಂತಾಮಣಿ ಕಡೆಯಿಂದ ಮದುವೆಯಾಗಿ ಬಂದಿದ್ದ ಒಬ್ಬ ಅಕ್ಕ ಹೊಸದಾಗಿ ಕೆಲಸಕ್ಕೆ ಸೇರಿದಳು. ಮಾತಿನ ಮಧ್ಯೆ ತೆಲುಗು ತಾನಾಗೇ ನುಗ್ಗೋದು. ಮೊದಲ ದಿನ ಬೆಳಗ್ಗೆಯೆಲ್ಲ ಬಾಯಿ ಬಿಡದೆ ಮೇಸ್ತ್ರಿಯನ್ನೇ ನೋಡ್ತಾ ಅಂಟು ಬಳಿದಳು. ಮಧ್ಯಾಹ್ನ ಮುದ್ದೆ ಮುರಿಯುವಾಗ ನನ್ನ ಕಿವಿ ಹತ್ತಿರ ಬಂದು ಕೇಳಿದಳು:

“ಏನಮ್ಮಾ, ಬೆಂಗಳೂರಲ್ಲಿ ಸೌದೆಗೆ ಅಷ್ಟೊಂದು ಬರವಾ? ಒಂದೊಂದು ಪುಳ್ಳೆಗೂ ಹತ್ತಿ ಸುತ್ತಿ ಕಳಿಸ್ತಾರಂತಲ್ಲ!”

ದಿಬ್ಬಣ

ಅಪ್ಪ ಅಮ್ಮ ಇಲ್ಲದ ಈ ಅಕ್ಕನನ್ನು ಸಾಕಿ, ಮದುವೆ ಮಾಡಿಕೊಟ್ಟವನು ಅವಳಣ್ಣ. ಓಲಗದ ಮೇಳ ಸೇರಿ ಊರೂರು ಸುತ್ತಕ್ಕೆ ಹೋದವನು ವರ್ಷಗಳಾದರೂ ಈ ಕಡೆ ತಲೆ ಹಾಕಿರಲಿಲ್ಲ. ಅದಕ್ಕೇ ಬೀದೀಲಿ ಓಲಗ ಕೇಳಿಸಿದರೆ ಸಾಕು, ಅಂಟಿನ ಕೈಲೇ ಓಡೋಳು. ದಿಬ್ಬಣ ನೋಡಕ್ಕೆ ಹೋದ ಹೆಂಗಸರೆಲ್ಲ ಗಂಡು ಹೇಗಿದೆ ಅಂತ ನೋಡಿದರೆ, ಇವಳು ಊದೋರ ಮುಖ ಒಂದೊಂದಾಗಿ ನೋಡೋಳು.

ಒಂದು ಸಲ ಹೀಗೆ ಓಡಿದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಅವಳು ಅಷ್ಟು ಆಸೆಯಿಂದ ಹುಡುಕೋದನ್ನ ನೋಡಿ ಹೆಣ್ಣಿನ ಕಡೆಯವರು, ‘ಗಂಡಿನ ಕಡೆಯವರು ಯಾರೋ ಹಿಂದೆ ಉಳಿದುಬಿಟ್ಟಿದ್ದಾರೆ’ ಅಂದುಕೊಂಡು ಛತ್ರಕ್ಕೆ ಕರಕೊಂಡು ಹೋಗಿ, ಕಾಲಿಗೆ ನೀರು ಕೊಟ್ಟು, ಜಮಖಾನದ ಮೇಲೆ ಕೂರಿಸಿದ್ದಾರೆ. ಕೊನೆಗೆ ಎಲೆ ಅಡಿಕೆ, ಬಾಳೆಹಣ್ಣು ಮಡಿಲಲ್ಲಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

“ಸಿಕ್ಕಿದನಾ ಅಕ್ಕಾ?” ಅಂದೆ.

“ಅಣ್ಣ ಇಲ್ಲ ಕಣಮ್ಮ. ಪಾಯಸ ಇದೆ. ನೀವೂ ಬರ್ತೀರಾ?”

ಕಹಿ ಅಂಟು

ಒಂದು ಸಲ ನಾವು ಕಳಿಸಿದ ಮಾಲು ಕಾರ್ಖಾನೆಯಿಂದ ವಾಪಸ್ ಬಂತು. ಮೈದಾ ವಾಸನೆಗೆ ಇಲಿಗಳು ಕೊಳವೆಗಳನ್ನ ತಿಂದುಹಾಕಿದ್ದವು. ಶೆಡ್ಡಿನ ಯಜಮಾನರು ಕೂಗಾಡಿದರು. ಮೇಸ್ತ್ರಿ ಮಾರನೇ ದಿನ ಅಂಟಿಗೆ ಬೇವಿನ ಸೊಪ್ಪಿನ ರಸ ಕಲಸಿ, ನಾಲಿಗೆಗೆ ಇಟ್ಟುಕೊಂಡು, ಮುಖ ಕಿವುಚಿ ಹೇಳಿದರು: “ಇನ್ನು ಇಲಿ ಹಾಗಿರ್ಲಿ ಸ್ವಾಮಿ, ನಾನೂ ತಿನ್ನಲ್ಲ.”

ಯಜಮಾನರು ಅವರನ್ನೇ ದಿಟ್ಟಿಸಿದರು. “ಹಾಗಾದ್ರೆ ಇಷ್ಟು ದಿನ?”

ಬಾಯಿಲ್ಲದ ಕೊಳವೆ

ಆಮೇಲೆ ಒಂದು ದಿನ ಕೆಂಚಾರ್ಲಹಳ್ಳಿಯಿಂದ ಅಕ್ಕನ ನೆಂಟರೊಬ್ಬರು ಬಂದು ಸುದ್ದಿ ಹೇಳಿದರು. ಬರೋ ಶುಕ್ರವಾರ ಬೆಳಗ್ಗೆ ಅವಳಣ್ಣನ ಮೇಳದ ಓಲಗ ಬೆಂಗಳೂರು ರೇಡಿಯೊದಲ್ಲಿ ಬರುತ್ತಂತೆ. ಅಕ್ಕ ಅಂಟಿನ ಬ್ರಷ್ಷು ಹಿಡಿದು ಹಾಗೇ ನಿಂತುಬಿಟ್ಟಳು. ನಮಗೆ ಗೊತ್ತಿದ್ದ ಹಾಗೆ ರೇಡಿಯೊ ಒಂದು ಹೋಟೆಲಿನಲ್ಲಿತ್ತು, ಅಲ್ಲಿಗೆ ಹೆಂಗಸರು ಹೋಗೋ ಹಾಗಿಲ್ಲ. ಇನ್ನೊಂದು ಯಜಮಾನರ ಮನೇಲಿ.

ಹೋಗಿ ಕೇಳಿದಳು. ಇಲಿ ಕಾಟಕ್ಕೆ ಇನ್ನೂ ಕೆಂಡವಾಗಿದ್ದ ಅವರು, “ಈ ಸಲದ ಕೊಳವೆ ವಾಪಸ್ ಬರದೇ ಇದ್ರೆ ರೇಡಿಯೊನ ಶೆಡ್ಡಿಗೇ ತಂದಿಡ್ತೀನಿ, ಹೋಗು” ಅಂದರು.

ಅಕ್ಕ ಒಂದೊಂದು ಕೊಳವೆಯನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಆಚೆ ನೋಡಿ ಬುಟ್ಟಿಗೆ ಹಾಕಿದಳು. ಆ ದೊಡ್ಡ ಬಿದಿರು ಬುಟ್ಟಿಗೆ ಗೋಣಿ ಹೊಲಿದು ಬಸ್ಸಿನ ಮೇಲೆ ಹಾಕಿದೆವು. ಚಿಕ್ಕಬಳ್ಳಾಪುರದಲ್ಲಿ ಬುಟ್ಟಿ ಇಳಿಸಿ ಬೆಂಗಳೂರಿನ ಬಸ್ಸಿಗೆ ಹಾಕಬೇಕು. ಅಲ್ಲೇ, ಮಂಡಿಕಲ್ ಕಡೆಯಿಂದ ನಮ್ಮೂರಿನ ಮಾರುಕಟ್ಟೆಗೆ ಬರ್ತಿದ್ದ ರೇಷ್ಮೆ ಗೂಡಿನ ಬುಟ್ಟಿಯೂ ಇತ್ತು. ಎರಡಕ್ಕೂ ಗೋಣಿ ಹೊದಿಕೆ, ಎರಡೂ ಹಗುರ. ಕೂಲಿಯವನು ಅದಲು ಬದಲು ಮಾಡಿದ.

ಇಲ್ಲಿ ಗೂಡಿನ ವ್ಯಾಪಾರಿ ಬುಟ್ಟಿ ಬಿಚ್ಚಿ ತಲೆ ಮೇಲೆ ಕೈ ಹೊತ್ತು ಕೂತ. ಅಲ್ಲಿ ಕಾರ್ಖಾನೆಯ ಉಗ್ರಾಣದವರು ಗೂಡುಗಳನ್ನ ತಿರುಗಿಸಿ ತಿರುಗಿಸಿ ನೋಡಿ, ನಮ್ಮವರಿಗೆ ಹೇಳಿ ಕಳಿಸಿದರು: “ನಿಮ್ಮ ಹೊಸ ಮಾದರಿ ಬಹಳ ಚೆನ್ನಾಗಿದೆ. ಮೃದು, ಹಗುರ, ಹತ್ತಿಯೂ ಬೇಡ. ಆದರೆ ಬಾಯಿ ಎಲ್ಲಿದೆ?”

ಯಜಮಾನರು ಹೋಗಿ ಕೊಳವೆ ಕೊಟ್ಟು, ಗೂಡು ಹೊತ್ತುಕೊಂಡು ಬಂದರು. ಬಂದವರೇ, “ಮಾಲು ವಾಪಸ್ ಬಂತು. ರೇಡಿಯೊ ಇಲ್ಲ” ಅಂದರು.

ಅಕ್ಕ ತಲೆ ಎತ್ತಲಿಲ್ಲ, ಆದರೆ ಜಾಗ ಬಿಟ್ಟೂ ಕದಲಲಿಲ್ಲ. “ವಾಪಸ್ ಬಂದಿದ್ದು ಗೂಡಲ್ವಾ ಯಜಮಾನ್ರೇ? ನೀವು ಹೇಳಿದ್ದು ಕೊಳವೆ.”

ಶುಕ್ರವಾರ ಬೆಳಗ್ಗೆ

ಆ ಅಣ್ಣ ಆಮೇಲೂ ಶಿಡ್ಲಘಟ್ಟಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ಅಕ್ಕನಿಗೆ ದಕ್ಕಿದ್ದು ಆ ಒಂದು ಬೆಳಗ್ಗೆ ಮಾತ್ರ.

ಯಜಮಾನರು ರೇಡಿಯೊಗೆ ಕಂಬಳಿ ಹೊದಿಸಿ, ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದರು. ಕಿಟಕಿಗೆ ತಂತಿ ಕಟ್ಟಿದರು. ಅಕ್ಕ ಮದುವೆ ಸೀರೆ ಉಟ್ಟು, ಅಣ್ಣನಿಗೆ ಇಷ್ಟ ಅಂತ ಕಜ್ಜಾಯ ಬೇರೆ ಮಾಡಿಕೊಂಡು ಬಂದಿದ್ದಳು.

“ರೇಡಿಯೊ ಒಳಗೆ ಇಡೋಕಾಗುತ್ತಾ ಅಕ್ಕಾ?” ಅಂತ ರೇಗಿಸಿದೆ.

“ಅವನು ಬರಲ್ಲ ಅಂತ ಗೊತ್ತು ಕಣಮ್ಮ. ಕೈ ಕೇಳಲಿಲ್ಲ” ಅಂದಳು.

ರೇಡಿಯೊ ಗೊರಗೊರ ಅಂದು, ಬಿಸಿಯಾಗಿ, ಮಾತಾಡಿತು. ಯಾರೋ ದೊಡ್ಡ ವಿದ್ವಾಂಸರ ಹೆಸರು ಹೇಳಿತು, ಡೋಲಿನವರ ಹೆಸರು ಹೇಳಿತು. ಯಜಮಾನರು, “ಇದರಲ್ಲಿ ನಿಮ್ಮಣ್ಣ ಯಾರಮ್ಮ?” ಅಂದರು.

“ಇವರಲ್ಲ.”

ನಮ್ಮೆಲ್ಲರ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಓಲಗ ಶುರುವಾಯಿತು. ಅಕ್ಕ ರೇಡಿಯೊ ಹತ್ತಿರ ಹತ್ತಿರ ಸರಿದು, ಇದ್ದಕ್ಕಿದ್ದ ಹಾಗೆ ಕೂಗಿದಳು: “ಅದೇ! ಅದೇ ಮಾ ಅನ್ನ! ನಮ್ಮಣ್ಣ!”

“ಎಲ್ಲಿ? ಊದ್ತಿರೋರಾ?”

“ಅವರಲ್ಲ ಯಜಮಾನ್ರೇ. ಅವರ ಹಿಂದೆ ಒಂದೇ ಸಮ ‘ಪೀ’ ಅಂತ ಶ್ರುತಿ ಬರ್ತಿದೆಯಲ್ಲ, ಅದು!”

ಯಜಮಾನರು ನಗು ತಡೆಯೋಕೆ ಗೋಡೆ ಕಡೆ ತಿರುಗಿದರು. ಆದರೆ ಅಕ್ಕನ ಮುಖ ನೋಡಿದ ಮೇಲೆ ಯಾರಿಗೂ ನಗಕ್ಕಾಗಲಿಲ್ಲ. ರಾಗ ಬಿಟ್ಟು, ಡೋಲು ಬಿಟ್ಟು, ಎಲ್ಲರೂ ಆ ‘ಪೀ’ ಅನ್ನೋದನ್ನೇ ಹುಡುಕಿ ಹುಡುಕಿ ಕೇಳಿದೆವು. ವಿದ್ವಾಂಸರು ಉಸಿರಿಗೆ ನಿಲ್ಲಿಸಿದಾಗಲೂ ಅದು ನಿಲ್ಲಲಿಲ್ಲ.

“ಚಿಕ್ಕೋಳಿದ್ದಾಗ ನನ್ನ ಹಿಂಗೇ ಊದಿ ಊದಿ ಮಲಗಿಸ್ತಿದ್ದ,” ಅಂದಳು ಅಕ್ಕ. ಕಣ್ಣೀರು ಕಜ್ಜಾಯದ ಮೇಲೆ ಬೀಳ್ತಿತ್ತು. “ಮಧ್ಯದಲ್ಲಿ ಬಿಟ್ರೆ ನಾನು ಎದ್ದುಬಿಡ್ತಿದ್ದೆ. ಅದಕ್ಕೇ ಬಿಡ್ತಾನೇ ಇರಲಿಲ್ಲ.”

ಓಲಗ ಮುಗಿಯಿತು. ಕಣ್ಣು ಮುಚ್ಚಿ ಕೂತಿದ್ದ ಮೇಸ್ತ್ರಿ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೇಳಿದರು:

“ನಿಮ್ಮಣ್ಣ ಬಹಳ ಚೆನ್ನಾಗಿ ಊದಿದ್ರು ತಾಯಿ. ಆ ಇನ್ನೊಬ್ರು ಯಾರೋ ಮಧ್ಯ ಮಧ್ಯ ಗಲಾಟೆ ಮಾಡ್ತಿದ್ರು, ಅದಕ್ಕೇ ಸರಿಯಾಗಿ ಕೇಳಿಸಲಿಲ್ಲ.”