ಭದ್ರಾವತಿಯಲ್ಲಿ ಬೇಸ್‌ಬಾಲ್ ಕಲಿಸಿದ್ದು

ಹುಡುಗರಿಗೆ ಪಾಠ ಕಲಿಸುವುದಕ್ಕಿಂತ ಆಟ ಕಲಿಸುವುದು ಕಷ್ಟ. ಪಾಠವಾದರೆ ಅವರಿಗೆ ಮೊದಲೇ ಏನೂ ಗೊತ್ತಿರುವುದಿಲ್ಲ. ನಾವು ಹೇಳಿದ್ದೇ ಸರಿ. ಆಟ ಹಾಗಲ್ಲ. ಪ್ರತಿಯೊಬ್ಬ ಹುಡುಗನೂ ಹತ್ತಾರು ಆಟಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಬಂದಿರುತ್ತಾನೆ. ಹೊಸದೊಂದನ್ನು ತುರುಕಹೊರಟರೆ ಹಳೆಯವು ಜಾಗ ಬಿಡುವುದಿಲ್ಲ. ಭದ್ರಾವತಿಯ ಶಾಲೆಯಲ್ಲಿ ನಾನು ಕವಾಯಿತು ಮೇಷ್ಟ್ರಾಗಿದ್ದಾಗ ಇದು ನನ್ನ ಅನುಭವಕ್ಕೆ ಬಂತು.

ಆಗ ಕಬ್ಬಿಣದ ಕಾರ್ಖಾನೆಯಲ್ಲಿ ಒಬ್ಬ ಅಮೆರಿಕದ ಇಂಜಿನಿಯರು ಇದ್ದರು. ಎಲ್ಲರೂ ಅವರನ್ನು ದೊರೆ ಎಂದೇ ಕರೆಯುತ್ತಿದ್ದೆವು. ತಮ್ಮ ದೇಶದ ಆಟವನ್ನು ಇಲ್ಲಿ ಯಾರೂ ಆಡುವುದಿಲ್ಲವೆಂಬ ಕೊರಗು ಅವರಿಗೆ. ಒಂದು ದಿನ ಕೋಲು, ಚೆಂಡು, ತೊಗಲಿನ ಕೈಗವಸುಗಳನ್ನು ನನ್ನ ಮುಂದೆ ಸುರಿದು, ಹುಡುಗರಿಗೆ ಕಲಿಸಿ ಎಂದರು. ಶಿವಮೊಗ್ಗದ ಶಾಲೆಗೂ ಇಷ್ಟೇ ಸಾಮಾನು ಕಳಿಸಿದ್ದರು. ಆಟ ನೋಡುವುದಕ್ಕೆ ಸರಳ. ಒಬ್ಬ ಚೆಂಡು ಎಸೆಯಬೇಕು, ಇನ್ನೊಬ್ಬ ಕೋಲಿನಿಂದ ಹೊಡೆಯಬೇಕು, ಹೊಡೆದವನು ಮೂರು ಮೂಲೆಗಳನ್ನು ಮುಟ್ಟಿಕೊಂಡು, ಹೊರಟ ಜಾಗಕ್ಕೇ ಓಡಿ ಬರಬೇಕು. ಹೊರಟ ಜಾಗಕ್ಕೆ ‘ಮನೆ’ ಎಂದು ಹೆಸರು. ಕಾರ್ಖಾನೆಯ ಪಕ್ಕದ ಬಯಲನ್ನು ದೊರೆ ಆಟಕ್ಕೆ ಕೊಡಿಸಿದರು. ಆದರೆ ಅದರ ಮೇಲೆ ಸೌದೆ ವಿಭಾಗದವರ ಕಣ್ಣಿತ್ತು. ಇದ್ದಿಲು ಸುಡಲು ತಂದ ಮರವನ್ನು ಪೇರಿಸಲು ಅವರಿಗೆ ಜಾಗ ಸಾಲದು. ದೊರೆ ಇತ್ಯರ್ಥ ಮಾಡಿದರು: ಶಿವಮೊಗ್ಗದವರ ಮೇಲಿನ ಪಂದ್ಯದಲ್ಲಿ ನಮ್ಮ ಒಬ್ಬ ಹುಡುಗನಾದರೂ ಪೂರ್ತಿ ಸುತ್ತು ಬಂದು ಮನೆ ಮುಟ್ಟಿದರೆ ಬಯಲು ಹುಡುಗರದು, ಇಲ್ಲವಾದರೆ ಸೌದೆಗೆ. ಆ ಹುಡುಗರಿಗೆ ಆಡಲು ಬೇರೆ ಬಯಲಿರಲಿಲ್ಲ. ಮನೆಗಳ ಸಾಲಿನ ನಡುವೆ ಆಡಹೋದರೆ ಹೆಂಗಸರು ಪೊರಕೆ ಹಿಡಿದು ಬರುತ್ತಿದ್ದರು.

ಮೊದಲ ದಿನವೇ ಕುಲುಮೆ ಕೆಲಸದವರ ಮಗ ಮುರುಗೇಶ ಚೆಂಡನ್ನು ಬಾರಿಸಿದ. ಒಳ್ಳೆಯ ಏಟು. ಆಮೇಲೆ ಓಡುವುದನ್ನು ಬಿಟ್ಟು, ಚೆಂಡು ಬಿದ್ದ ಕಡೆಗೆ ಕೋಲಿನಿಂದ ನೆಲ ಅಳೆಯುತ್ತ ಹೊರಟ. ಚಿನ್ನಿದಾಂಡಿನಲ್ಲಿ ಹಾಗೆಯೇ ತಾನೆ! “ಕೋಲು ಕೆಳಗಿಟ್ಟು ಓಡೋ!” ಎಂದೆ. “ಕೆಳಗಿಟ್ರೆ ಇನ್ನೊಬ್ಬ ಎತ್ಕೊಂಡ್ಬಿಡ್ತಾನೆ ಸಾರ್, ಆಮೇಲೆ ಕೊಡಲ್ಲ” ಎಂದ. ಉಳಿದವರು ಲಗೋರಿಯವರು. ಚೆಂಡು ಸಿಕ್ಕಿದ್ದೇ ತಡ, ಓಡುವವನ ಬೆನ್ನಿಗೆ ಗುರಿಯಿಟ್ಟು ಹೊಡೆಯುವರು. ಒಂದು ವಾರ ನಮ್ಮ ಶಾಲೆಯಲ್ಲಿ ಬೆನ್ನು ನೆಟ್ಟಗಿದ್ದ ಹುಡುಗನೇ ಇರಲಿಲ್ಲ.

ನಾನು ಶಿಸ್ತಿನ ಮನುಷ್ಯ. ನನ್ನ ಸ್ನಾನ, ಊಟ, ನಿದ್ದೆಗಳು ಕಾರ್ಖಾನೆಯ ಕೂಗಿಗೆ ಸರಿಯಾಗಿ ನಡೆಯುತ್ತವೆ. “ಒಗ್ಗರಣೆ ಸಿಡಿಯೋಕೂ ನೀವು ಸೀಟಿ ಊದ್ಬೇಕೇನೂಂದ್ರೆ?” ಎಂದು ನನ್ನ ಹೆಂಡತಿ ಕೇಳಿದ್ದುಂಟು. ಆದ್ದರಿಂದ ಆಟವನ್ನೂ ಸೀಟಿಗೆ ಕಟ್ಟಿದೆ. ಚೆಂಡು ಹೊಡೆದ ಮೇಲೆ ಒಂದು ಸೀಟಿಗೆ ಕೋಲು ಬಿಡುವುದು, ಎರಡನೆಯದಕ್ಕೆ ಓಡುವುದು, ಮೂರನೆಯದಕ್ಕೆ ನಿಲ್ಲುವುದು. ಯಾರು ಕೂಗಿದರೂ, ನಾನೇ ಕೂಗಿದರೂ, ಸೀಟಿಯಿಲ್ಲದೆ ಕದಲಕೂಡದು. ಸಾಲಿನಲ್ಲಿ ಓಡುವಾಗ ಮುಂದಿನವನನ್ನು ಹಿಂದೆ ಹಾಕಕೂಡದು. ಕೆಲವೇ ದಿನಗಳಲ್ಲಿ ಹುಡುಗರು ಗಡಿಯಾರದ ಮುಳ್ಳುಗಳಂತಾದರು. ಸಂಜೆ ಅವರನ್ನು ನೋಡುತ್ತ ನಿಂತರೆ ನನ್ನ ಕಣ್ಣು ತುಂಬಿ ಬರುತ್ತಿತ್ತು.

ಪಂದ್ಯದ ದಿನ ಶಿವಮೊಗ್ಗದ ತಂಡ ಬೆಳಗಿನ ರೈಲಿಗೆ ಬಂತು. ಅವರ ಮೇಷ್ಟ್ರು ಬಷೀರ್ ಸಾಹೇಬರು ಮರದ ನೆರಳಿನಲ್ಲಿ ಎಲೆಯಡಿಕೆ ಬಿಚ್ಚಿಕೊಂಡು ಕೂತರು. ಅವರ ಹುಡುಗರು ಅಲ್ಲೇ ಗಲಾಟೆ ಮಾಡಿಕೊಂಡು, ಯಾರು ಎಲ್ಲಿ ನಿಲ್ಲಬೇಕೆಂದು ತಾವೇ ತೀರ್ಮಾನಿಸಿದರು. ನಮ್ಮವರು ಎರಡು ಸಾಲಾಗಿ ಬಂದು ನಿಂತರು. “ಅರೇ ಮಾಸ್ಟರ್ ಸಾಹೇಬ್ರೇ, ಆಟಕ್ಕೆ ಕರ್ಕೊಂಡು ಬಂದ್ರೋ, ಯುದ್ಧಕ್ಕೋ?” ಎಂದರು ಸಾಹೇಬರು. ನಾನು ನಮ್ಮ ಸಾಲುಗಳನ್ನು ಇನ್ನಷ್ಟು ನೆಟ್ಟಗೆ ಮಾಡಿಸಿದೆ. ಶಿಸ್ತಿಲ್ಲದವರೊಡನೆ ಏನು ಮಾತು?

ತೀರ್ಪುಗಾರರಾಗಿ ನಿಂತ ದೊರೆ ಮೊದಲು ಮಾಡಿದ ಕೆಲಸವೆಂದರೆ ನನ್ನ ಕಡೆಗೆ ಕೈಚಾಚಿದ್ದು. ಈ ಆಟದಲ್ಲಿ ಸೀಟಿ ಇಲ್ಲವಂತೆ. ಅದನ್ನು ಇಸಿದುಕೊಂಡು ಜೇಬಿಗಿಳಿಸಿದರು. ನಾನು ಅಷ್ಟಾಗಿ ಹೆದರಲಿಲ್ಲ. ಏಕೆಂದರೆ ಬಹಳ ಹೊತ್ತಿನವರೆಗೆ ನಮ್ಮವರ ಕೋಲಿಗೆ ಚೆಂಡು ತಾಗಲೇ ಇಲ್ಲ; ಹೊಡೆದ ಮೇಲಲ್ಲವೇ ಸೀಟಿ ಬೇಕಾಗುವುದು? ಕೊನೆಯ ಸರದಿ ಮುರುಗೇಶನದು. ಬಯಲಿನ ಅಂಚಿನಲ್ಲಿ ಸೌದೆ ಗಾಡಿಯವರು ಎತ್ತುಗಳನ್ನು ಹೂಡಿಕೊಂಡು ಸಿದ್ಧವಾಗಿದ್ದರು.

ಮುರುಗೇಶ ಹೊಡೆದ. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಲಂಟಾನ ಪೊದೆಯೊಳಗೆ ಬಿತ್ತು. ಶಿವಮೊಗ್ಗದವರು ಹುಡುಕಲು ಓಡಿದರು. ಮುರುಗೇಶ ಅಲ್ಲಿಯೇ ನೆಟ್ಟಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ.

“ಓಡೋ ಮಾರಾಯ!” ಎಂದು ಊರೇ ಕೂಗಿತು.

“ಸೀಟಿ ಆಗಿಲ್ಲ!” ಎಂದು ಅವನು ಊರಿಗೇ ಉತ್ತರ ಕೊಟ್ಟ.

ನಾನು ಕೂಗಿದೆ. ಅವನು ಕದಲಲಿಲ್ಲ, ಕಲಿಸಿದ್ದೇ ಹಾಗೆ. ಬೇರೆ ದಾರಿ ಕಾಣದೆ, ಕಚ್ಚೆಪಂಚೆ, ಕೋಟು, ರುಮಾಲುಗಳ ಸಮೇತ ನಾನೇ ಓಡಿದೆ. ಮುಂದಿನವನ ಹಿಂದೆ ಓಡುವುದು ಅವನಿಗೆ ಗೊತ್ತಿತ್ತು. ಕೋಲು ಬಿಟ್ಟು ಹೊರಟ. ಮೊದಲನೆಯ ಮೂಲೆ ದಾಟಿದೆವು. ಎರಡನೆಯದರಲ್ಲಿ ರುಮಾಲು ಉದುರಿತು. ನನಗೆ ಏದುಸಿರು. ಹಿಂದೆ ಅವನು ಕೈಯಳತೆ ಅಂತರ ಬಿಟ್ಟು, ನನ್ನ ವೇಗದಲ್ಲೇ, ಲೆಫ್ಟ್ ರೈಟ್ ಹಾಕುತ್ತ ಬರುತ್ತಿದ್ದಾನೆ!

“ಮುಂದೆ ಹೋಗೋ!”

“ಸಾಲು ಮುರೀಬಾರ್ದು ಸಾರ್.”

ಮೂರನೆಯ ಮೂಲೆ ಮುಟ್ಟಿದ್ದೇ ನನ್ನ ಮೊಣಕಾಲು ಕುಸಿಯಿತು. ಅಡ್ಡಡ್ಡ ಬಿದ್ದೆ. ಪೊದೆಯ ಕಡೆಯಿಂದ “ಸಿಕ್ತು, ಸಿಕ್ತು!” ಎಂಬ ಕೂಗು ಕೇಳಿತು. ಮುರುಗೇಶ ನನ್ನ ಹಿಂದೆ ನಿಂತಲ್ಲೇ ಕಾಲು ಕುಣಿಸುತ್ತಿದ್ದ. ಒಮ್ಮೆ ಗಾಡಿಗಳನ್ನು ನೋಡಿದ, ಒಮ್ಮೆ ನನ್ನನ್ನು. ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ.

“ತಪ್ಪಾಯ್ತು ಸಾರ್” ಎಂದವನೇ ನನ್ನನ್ನು ದಾಟಿ ಹಾರಿದ. ಹುಡುಗರು ಹಾಗೂ ಓಡಬಲ್ಲರೆಂದು ನಾನು ಅದುವರೆಗೆ ಕಂಡಿರಲಿಲ್ಲ. ಚೆಂಡು ಬಂದಾಗ ಅವನು ಮನೆಯ ಮೇಲೆ ಕುಣಿಯುತ್ತಿದ್ದ.

ಮೇಷ್ಟ್ರು ಜೊತೆಗೆ ಓಡಿದರೆ ಓಟ ಸಲ್ಲುತ್ತದೆಯೇ ಎಂದು ಸೌದೆಯವರು ತಕರಾರು ತೆಗೆದರು. ದೊರೆಗೆ ನಗು ತಡೆದು ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ, ಬಯಲು ಹುಡುಗರಿಗೇ ಇರಲಿ, ಸುತ್ತ ಬೇಲಿ ಹಾಕಿಸುತ್ತೇನೆ, ಆದರೆ ಆಟದ ಹೊತ್ತಿನಲ್ಲಿ ಮೇಷ್ಟ್ರು ಬೇಲಿಯ ಹೊರಗಿರಬೇಕು ಎಂದರು.

ಹಾಗೆಯೇ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಹುಡುಗರು ಒಳಗೆ ಜಗಳವಾಡಿಕೊಂಡು, ಕೂಗಾಡಿಕೊಂಡು, ವರ್ಷದೊಳಗೆ ಸುತ್ತಮುತ್ತಲಿನವರನ್ನೆಲ್ಲ ಸೋಲಿಸಿದರು. ಆಮೇಲೆ ಬೇರೆ ಊರುಗಳ ಮೇಷ್ಟ್ರುಗಳು ನನ್ನನ್ನು ಹುಡುಕಿಕೊಂಡು ಬಂದು, ನಿಮ್ಮ ತರಬೇತಿಯ ಕ್ರಮವೇನು ಎಂದು ಭಕ್ತಿಯಿಂದ ಕೇಳತೊಡಗಿದರು. ‘ಒಂದು ಕುರ್ಚಿ, ಬೇಲಿಯ ಆಚೆ’ ಎಂದು ಹೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಬಂದವರು ಅಷ್ಟು ದೂರದಿಂದ ಬಂದಿರುತ್ತಾರೆ. ಬರಿಗೈಯಲ್ಲಿ ಕಳಿಸುವುದು ಹೇಗೆ? ‘ಶಿಸ್ತು’ ಎಂದು ಹೇಳಿ ಕಾಫಿ ತರಿಸುತ್ತೇನೆ.